ಮಲೆನಾಡಲ್ಲಿ ಮನೆ ತರಕಾರಿ: ಏರುಮಡಿನಾ, ಗ್ರೋ ಬ್ಯಾಗಾ, ಮಳೆಮರೆನಾ? ಯಾವ ಸೊಪ್ಪು, ಯಾವ ಬೀಜ?

ಮೊಬೈಲಲ್ಲಿ ತರಕಾರಿ ಬೆಳೆಯೋ ವಿಡಿಯೋ ನೋಡೋಕೆ ಕೂತ್ರೆ ಹೆಚ್ಚಿನವು ಬೆಂಗಳೂರು ಟೆರೇಸಿನವು, ಇಲ್ಲಾಂದ್ರೆ ಬಯಲುಸೀಮೆ ಹೊಲದವು. ಅವರು ಹೇಳೋದು ತಪ್ಪು ಅಂತ ಅಲ್ಲ, ಅವರ ತಲೆಬಿಸಿ ನೀರು ಹೇಗೆ ಉಳಿಸೋದು ಅಂತ, ನಮ್ಮ ತಲೆಬಿಸಿ ಜೂನಿಂದ ಸೆಪ್ಟೆಂಬರ್ ತನಕ ನೀರನ್ನ ಹೇಗೆ ಹೊರಗೆ ಕಳಿಸೋದು ಅಂತ. ಅವರು ಕುಂಡಕ್ಕೆ ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ ತುಂಬಿ ಅಂತಾರೆ ಯಾಕಂದ್ರೆ ಅದು ನೀರು ಹಿಡಿದಿಟ್ಕೊಳ್ಳತ್ತೆ, ಅದೇ ಕುಂಡನ ತೀರ್ಥಹಳ್ಳಿಲೋ ಹೊಸನಗರದಲ್ಲೋ ಜೂನ್ ಕೊನೆಯ ಆರಿದ್ರಾ ಮಳೆಗೆ ಬಿಟ್ರೆ ಬೇರು ಕೊಳೆತು ಗಿಡ ಮಲಗತ್ತೆ. ಹಾಗಾಗಿ ಕೆಳಗಿರೋ ಹೋಲಿಕೆ ಪೂರ್ತಿ ಮಳೆ ಲೆಕ್ಕದಲ್ಲೇ ಮಾಡಿದ್ದು, ರೇಟು, ಚಂದ, ಸುಲಭ ಎಲ್ಲ ಆಮೇಲೆ.

ಹಾಗಂತ ಮಲೆನಾಡು ಪೂರ್ತಿ ಒಂದೇ ಥರ ಇಲ್ಲ. ಆಗುಂಬೆಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟತ್ತೆ, ಶಿವಮೊಗ್ಗ ಪೇಟೆಲಿ ಅದರ ಕಾಲುಭಾಗವೂ ಬರಲ್ಲ. ಭದ್ರಾವತಿ, ಶಿಕಾರಿಪುರ ಕಡೆಯದು ಅರೆಮಲೆನಾಡು, ಅಲ್ಲಿ ಬೆಂಗಳೂರಿನವರ ಸಲಹೆ ಅರ್ಧಕ್ಕಿಂತ ಜಾಸ್ತಿ ನಡೆಯತ್ತೆ. ಸಾಗರ, ಸೊರಬ ಇವೆರಡರ ನಡುವಿನ ಲೆಕ್ಕ. ಹುಲಿಕಲ್, ನಗರ, ಆಗುಂಬೆ ಸುತ್ತ ಇರೋರಿಗೆ ಮಾತ್ರ ಮಳೆಗಾಲದ ನಾಕು ತಿಂಗಳು ಬೇರೆಯದೇ ಕಾನೂನು. ನಿಮ್ಮೂರು ಇದರಲ್ಲಿ ಎಲ್ಲಿ ಬರತ್ತೆ ಅಂತ ಮೊದಲು ನೋಡ್ಕೊಳ್ಳಿ, ಆಮೇಲೆ ಬ್ಯಾಗು ಬೀಜ ಅಂತ ಪೇಟೆಗೆ ಹೋಗಿ.

ಎಲ್ಲಿ ಬೆಳೆಯೋದು

ಹಿತ್ತಲಲ್ಲಿ ಜಾಗ ಇದ್ದೋರಿಗೆ ನಾನು ಹೇಳೋದು ಏರುಮಡಿ. ನೆಲದಿಂದ ಒಂದು ಅಡಿ ಎತ್ತರ, ಮೂರರಿಂದ ನಾಕು ಅಡಿ ಅಗಲ, ಉದ್ದ ಎಷ್ಟಾದ್ರೂ ಇರಲಿ. ಅಗಲ ನಾಕು ಅಡಿ ದಾಟಿದ್ರೆ ನಡುವಿನ ಕಳೆ ಕೀಳೋಕೆ ಕೈ ಎಟುಕಲ್ಲ, ಆಗ ಮಡಿ ಮೇಲೆ ಕಾಲಿಡ್ತೀವಿ, ಮಣ್ಣು ಗಟ್ಟಿಯಾಗತ್ತೆ, ಏರು ಮಾಡಿದ್ದೇ ದಂಡ. ಎರಡು ಮಡಿ ನಡುವೆ ಒಂದೂವರೆ ಅಡಿ ಕಾಲುವೆ ಬಿಟ್ಟು ಅದನ್ನ ಇಳಿಜಾರಿನ ಕಡೆ ತಿರುಗಿಸಿ ಬಸಿಗಾಲುವೆಗೆ ಸೇರಿಸ್ಬೇಕು, ಈ ಒಂದು ಕೆಲಸ ಬಿಟ್ರೆ ಉಳಿದದ್ದೆಲ್ಲ ಮಾಡಿದ್ರೂ ಉಪಯೋಗ ಇಲ್ಲ. ಅಂಚು ಕುಸೀದೆ ಇರೋಕೆ ಅಡಿಕೆ ದಬ್ಬೆ, ಒಡೆದ ಹಂಚು, ಜಂಬಿಟ್ಟಿಗೆ ಕಲ್ಲು ಯಾವುದು ಮನೇಲಿ ಬಿದ್ದಿದ್ಯೋ ಅದು ಸಾಕು. ದಬ್ಬೆಗೆ ಗೆದ್ದಲು ಬೇಗ ಹಿಡಿಯತ್ತೆ, ಕಲ್ಲು ಸಿಕ್ಕಿದ್ರೆ ಕಲ್ಲೇ ಇಡಿ. ಖರ್ಚು ಅಂದ್ರೆ ಕೂಲಿ, ಅದೂ ನಾವೇ ಗುದ್ದಲಿ ಹಿಡಿದ್ರೆ ಅದೂ ಇಲ್ಲ.

ಏರುಮಡಿಯ ದೊಡ್ಡ ಮೈನಸ್ ಬಿಸಿಲು. ಮಲೆನಾಡು ಮನೆ ಹಿತ್ತಲು ಅಂದ್ರೆ ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಹಲಸು, ಮಾವು, ಹಿಂದೆ ಗುಡ್ಡ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ಬೆಂಡೆ, ಟೊಮೆಟೊ, ಬದನೆ ಹಾಕಿದ್ರೆ ಗಿಡ ಉದ್ದ ಹೋಗತ್ತೆ ಕಾಯಿ ಬಿಡಲ್ಲ. ಆ ಜಾಗ ಸೊಪ್ಪಿಗೆ ಬಿಟ್ಬಿಡಿ, ಕೆಸು, ಒಂದೆಲಗ, ಚಕ್ರಮುನಿ, ದೊಡ್ಡಪತ್ರೆ ಇವೆಲ್ಲ ಅರೆನೆರಳಲ್ಲೂ ಸಲೀಸಾಗಿ ಬರ್ತವೆ.

ಗ್ರೋ ಬ್ಯಾಗ್, ಅಂದ್ರೆ ಮಣ್ಣು ತುಂಬಿ ಗಿಡ ಬೆಳೆಸೋ ಚೀಲ, ಯಾರಿಗೆ ಅಂದ್ರೆ ಶಿವಮೊಗ್ಗ, ಭದ್ರಾವತಿ, ಸಾಗರ ಪೇಟೆ ಸೈಟಲ್ಲಿ ಮನೆ ಕಟ್ಟಿ ಅಂಗಳಕ್ಕೆಲ್ಲ ಟೈಲ್ಸ್ ಹಾಕ್ಸಿದೋರಿಗೆ, ಬಾಡಿಗೆ ಮನೇಲಿ ಇರೋರಿಗೆ. ಹಳ್ಳಿ ಕಡೆ ಹಂಚಿನ ಮನೆಗೆ ಟೆರೇಸೇ ಇಲ್ಲ, ಆರ್‌ಸಿಸಿ ಮನೆ ಇದ್ರೂ ಸೋರತ್ತೆ ಅಂತಲೋ ಅಡಿಕೆ ಹರವೋಕೆ ಅಂತಲೋ ಅದರ ಮೇಲೆ ತಗಡಿನ ಶೀಟ್ ಹೊದಿಸಿರ್ತೀವಿ, ಅಲ್ಲಿ ಬಿಸಿಲು ಎಲ್ಲಿಂದ ಬರ್ಬೇಕು? ತೆರೆದ ಟೆರೇಸ್ ಇರೋರು ಎರಡು ವಿಷ್ಯ ನೋಡಿ. ಒಂದು ಭಾರ, ಹದಿನೈದು ಇಂಚು ಅಗಲ ಹದಿನೈದು ಇಂಚು ಎತ್ತರದ ಬ್ಯಾಗ್ ಮಣ್ಣು ತುಂಬಿ ಒದ್ದೆಯಾದ್ರೆ ಸುಲಭವಾಗಿ 40 ಕೆಜಿ ದಾಟತ್ತೆ, ಅಂಥವು ಮೂವತ್ತು ಇಟ್ರೆ ಟನ್ ದಾಟ್ತು, ಅದಕ್ಕೇ ಚಾವಣಿ ನಡುವೆ ರಾಶಿ ಇಡದೆ ತೊಲೆ, ಗೋಡೆ ಹೋಗಿರೋ ಸಾಲಿನ ಮೇಲೆ ಹರಡಿ ಇಡಿ. ಇನ್ನೊಂದು ಬ್ಯಾಗಿನ ತಳ, ಇಟ್ಟಿಗೆನೋ ಸ್ಟ್ಯಾಂಡೋ ಕೊಟ್ಟು ಎತ್ತದೆ ನೇರ ನೆಲಕ್ಕೆ ಇಟ್ರೆ ತೂತು ಮುಚ್ಚಿ ನೀರು ನಿಲ್ಲತ್ತೆ, ಕೆಳಗೆ ಪಾಚಿ ಕಟ್ಟಿ ಚಾವಣಿಯೂ ಹಾಳು.

ಬ್ಯಾಗಲ್ಲೂ ಎರಡು ಥರ ಇದೆ. ತೆಳು ಪ್ಲಾಸ್ಟಿಕ್ಕಿನ ಕಪ್ಪು ನರ್ಸರಿ ಕವರ್ ಥರದ್ದು ಅಗ್ಗ, ಬೇಸಿಗೆ ಬಿಸಿಲಿಗೆ ಸುಟ್ಟು ಎತ್ತೋಕೆ ಹೋದ್ರೆ ಅಂಚು ಕೈಗೆ ಬರತ್ತೆ. ನೇಯ್ದ ಹಾಗಿರೋ ದಪ್ಪ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಬ್ಯಾಗ್, 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನೋ ಅಳತೆ) ಮೇಲಿನದು, ಯುವಿ ಅಂದ್ರೆ ಬಿಸಿಲಿನ ಅತಿನೇರಳೆ ಕಿರಣ ತಡೆಯೋದು ಅಂತ ಬರೆದಿರೋದು ತಗೊಂಡ್ರೆ ಕೆಲವು ವರ್ಷ ಬಾಳಿಕೆ ಬರತ್ತೆ. ಸೊಪ್ಪಿಗೆ ಆಳ ಬೇಡ, ಅರ್ಧ ಅಡಿಯಿಂದ ಮುಕ್ಕಾಲು ಅಡಿ ಸಾಕು ಆದ್ರೆ ಅಗಲ ಬೇಕು, ಬದನೆ, ಟೊಮೆಟೊಗೆ ಒಂದು ಅಡಿಗಿಂತ ಕಮ್ಮಿ ಆಳ ಆಗಲ್ಲ. ತುಂಬೋ ಮಣ್ಣು ನಮ್ಮ ಕಡೆಗೆ ಹೀಗಿರಲಿ: ಕೆಂಪು ಮಣ್ಣು ಎರಡು ಪಾಲು, ಹಳೆ ಕೊಟ್ಟಿಗೆ ಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ಭತ್ತದ ಹೊಟ್ಟು ಒಂದು ಪಾಲು. ನಾರಿನ ಪುಡಿ ಬೇಕೇ ಬೇಕು ಅನ್ನೋರು ಬೇಸಿಗೆ ಬೆಳೆಗೆ ಸ್ವಲ್ಪ ಸೇರಿಸಿ, ಮಳೆಗೆ ತೆರೆದಿರೋ ಬ್ಯಾಗಿಗೆ ಬೇಡ.

ಮೂರನೇದು ಮಳೆಮರೆ, ರೈನ್ ಶೆಲ್ಟರ್ ಅಂತಾರಲ್ಲ ಅದು. ಮೇಲೆ 200 ಮೈಕ್ರಾನಿನ ಯುವಿ ಪಾಲಿಥೀನ್ ಹಾಳೆ, ನಾಕೂ ಬದಿ ತೆರೆದಿರತ್ತೆ, ಕಂಬಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಅಥವಾ ಬಿದಿರು ಅಡಿಕೆ ಮರ. ಕೇರಳದಲ್ಲಿ ಇದು ತುಂಬ ಚಾಲ್ತಿಲಿದೆ, ಅವರ ಮಳೆಯೂ ನಮ್ಮ ಥರದ್ದೇ. ಇದನ್ನ ಪಾಲಿಹೌಸ್ ಜೊತೆ ಗೊಂದಲ ಮಾಡ್ಕೋಬೇಡಿ, ಪಾಲಿಹೌಸ್ ಸುತ್ತ ಮುಚ್ಚಿರತ್ತೆ, ಮನೆ ಅಡುಗೆಗೆ ಬೆಳೆಯೋರಿಗೆ ಅಷ್ಟು ದುಡ್ಡು ಹಾಕೋದ್ರಲ್ಲಿ ಅರ್ಥ ಇಲ್ಲ, ಒಳಗೆ ಗಾಳಿ ಆಡದೆ ಬೂಷ್ಟು ಬೇರೆ. ಗೊಂದಲ ಜಾಸ್ತಿ ಇರೋದು ಹಸಿರು ಶೇಡ್ ನೆಟ್ ವಿಷಯದಲ್ಲಿ. ಅದು ಮಳೆ ತಡೆಯಲ್ಲ ಮಾರಾಯ್ರೆ! ಹನಿ ಹೊಡೆತ ಸ್ವಲ್ಪ ಕಮ್ಮಿ ಆಗತ್ತೆ ನಿಜ, ಆದ್ರೆ ನೀರು ಅಷ್ಟೂ ಒಳಗೇ ಬೀಳತ್ತೆ, ಮೊದಲೇ ಮೋಡ ಮುಸುಕಿ ಬೆಳಕಿಲ್ಲದ ಜುಲೈಲಿ ಇರೋ ಬೆಳಕಲ್ಲಿ ಅರ್ಧ ಅದೇ ತಿಂದು ಹಾಕತ್ತೆ. ಶೇಡ್ ನೆಟ್ ಬೇಕಾಗೋದು ಮಾರ್ಚ್, ಏಪ್ರಿಲ್‌ಗೆ, ಅದೂ ಶಿವಮೊಗ್ಗ ಭದ್ರಾವತಿ ಬಿಸಿಲಿಗೆ. ಮಳೆಗಾಲಕ್ಕೆ ಅಂತ ತರೋರು ದುಡ್ಡು ಉಳಿಸ್ಕೊಳ್ಳಿ.

ಮಳೆಮರೆ ಹಾಕ್ಸೋದು ಲಾಭನಾ? ಅಂಗಳದಷ್ಟು ದೊಡ್ಡದು ಬೇಡ, ಎರಡು ಮಡಿ ಮುಚ್ಚುವಷ್ಟು, ಹತ್ತು ಅಡಿ ಇಪ್ಪತ್ತು ಅಡಿ ಇದ್ರೆ ಒಂದು ಮನೆಗೆ ಮಳೆಗಾಲ ಪೂರ್ತಿ ಹರಿವೆ, ಹಸಿಮೆಣಸು, ಒಂದಿಷ್ಟು ಟೊಮೆಟೊ ಸಿಗತ್ತೆ, ಸೆಪ್ಟೆಂಬರಲ್ಲಿ ಚಳಿಗಾಲದ ಬೆಳೆಗೆ ಸಸಿ ಮಾಡ್ಕೊಳ್ಳೋಕೂ ಅದೇ ಜಾಗ. ಹಾಳೆ ಮೂರ್ನಾಕು ವರ್ಷಕ್ಕೆ ಬದಲಿಸ್ಬೇಕಾಗತ್ತೆ, ಆ ಖರ್ಚು ಮೊದಲೇ ಲೆಕ್ಕದಲ್ಲಿ ಇಟ್ಕೊಳ್ಳಿ. ಗಾಳಿಗೆ ಎದುರಾಗಿ ಕಟ್ಬೇಡಿ, ಹಾಳೆ ಸಡಿಲ ಬಿಟ್ರೆ ಅದರಲ್ಲಿ ನೀರು ಹೊಂಡ ಕಟ್ಟಿ ಕಂಬ ಸಮೇತ ಕೆಳಗೆ ಬರತ್ತೆ, ಚೂಪು ಇಳಿಜಾರು ಕೊಡಿ. ಇನ್ನು ಒಂದು ಉಪಾಯ ಯಾಕೋ ಯಾರೂ ಜಾಸ್ತಿ ಹೇಳಲ್ಲ, ಅಡಿಕೆ ಒಣಗಿಸೋಕೆ ಅಂತ ಪಾರದರ್ಶಕ ಹಾಳೆಯ ಮನೆ ಕಟ್ಟಿಸಿದೋರು ಈಗ ತುಂಬ ಜನ ಇದಾರೆ, ಕೊಯ್ಲು ಮುಗಿದ ಮೇಲೆ ಮಳೆಗಾಲದಲ್ಲಿ ಅದು ಖಾಲಿ ಬಿದ್ದಿರತ್ತೆ. ಜೂನಲ್ಲಿ ಹತ್ತಿಪ್ಪತ್ತು ಗ್ರೋ ಬ್ಯಾಗ್ ಒಳಗೆ ಜೋಡಿಸಿ, ಬದಿ ಹಾಳೆ ಮೇಲಕ್ಕೆ ಸುತ್ತಿ ಗಾಳಿ ಆಡೋ ಹಾಗೆ ಬಿಡಿ, ಅಡಿಕೆ ಸುಲಿಯೋ ಹೊತ್ತಿಗೆ ಹೊರಗೆ ತೆಗೀರಿ, ಅಷ್ಟರಲ್ಲಿ ಮಳೆಯೂ ಕಮ್ಮಿ ಆಗಿರತ್ತೆ. ಒಂದು ರೂಪಾಯಿ ಹೊಸ ಖರ್ಚಿಲ್ಲದ ಮಳೆಮರೆ.

ಸೊಪ್ಪಲ್ಲಿ ಯಾವುದು

ಸೊಪ್ಪು ಅಂದ ತಕ್ಷಣ ಎಲ್ರೂ ಕೊತ್ತಂಬರಿ, ಮೆಂತ್ಯ, ಪಾಲಕ್ ಪ್ಯಾಕೆಟ್ ತರ್ತಾರೆ. ಈ ಮೂರೂ ಚಳಿಗಾಲದವು, ನವೆಂಬರಿಂದ ಫೆಬ್ರವರಿ ಒಳಗೆ ಹಾಕಿದ್ರೆ ಚೆನ್ನಾಗಿ ಬರ್ತವೆ, ಜುಲೈಲಿ ಹಾಕಿದ್ರೆ ಬೀಜದ ದುಡ್ಡು ಹಳ್ಳಕ್ಕೆ. ಕೊತ್ತಂಬರಿ ಬೀಜ ಉಜ್ಜಿ ಎರಡು ಹೋಳು ಮಾಡಿ ನೇರ ಮಡಿಗೇ ಹಾಕಿ, ಕಿತ್ತು ನೆಡೋಕೆ ಹೋಗ್ಬೇಡಿ. ಇದಕ್ಕಿಂತ ಜಾಸ್ತಿ ಈ ಮೂರರ ಬಗ್ಗೆ ಹೇಳೋದೇನಿಲ್ಲ.

ನಿಜವಾದ ಆಯ್ಕೆ ಇರೋದು ಹರಿವೆ, ಬಸಳೆ, ಕೆಸು, ಚಕ್ರಮುನಿ ಇವುಗಳ ನಡುವೆ.

ಹರಿವೆ ಬೇಗ ಕೈಗೆ ಬರೋದು, ಬಿತ್ತಿ 25–30 ದಿನಕ್ಕೆ ಸೊಪ್ಪು. ಕಿತ್ತು ತೆಗೆಯೋ ಬದಲು ಬುಡದಿಂದ ನಾಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರತ್ತೆ, ಹೀಗೆ ಹಲವು ಸಲ ಕೊಯ್ಯೋಕೆ ಅಂತಲೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸುಗುಣ ತಳಿ ಇದೆ, ಕೆಂಪು ಬೇಕಂದ್ರೆ ಅರ್ಕಾ ಅರುಣಿಮ. ಆದ್ರೆ ತೆರೆದ ಮಡಿಲಿ ಜೋರು ಮಳೆಗೆ ಸಣ್ಣ ಬೀಜ ಕೊಚ್ಚಿ ಹೋಗತ್ತೆ, ಉಳಿದದ್ದಕ್ಕೆ ಎಲೆ ಅಡಿಯಲ್ಲಿ ಬಿಳಿ ಗುಳ್ಳೆ ಥರ ತುಕ್ಕು ರೋಗ ಬರತ್ತೆ. ಮಳೆಮರೆ ಇದ್ದೋರಿಗೆ ಹರಿವೆ ವರ್ಷ ಪೂರ್ತಿ, ಇಲ್ಲದೋರಿಗೆ ಸೆಪ್ಟೆಂಬರ್ ನಂತರ. ಇದಕ್ಕೊಂದು ಹಳೇ ದಾರಿ ಇದೆ, ದಂಟಿನ ಹರಿವೆನ ಮೇ ತಿಂಗಳ ಅಡ್ಡಮಳೆಗೇ ಬಿತ್ತಿಬಿಟ್ರೆ ಜೋರು ಮಳೆ ಹಿಡಿಯೋ ಹೊತ್ತಿಗೆ ಗಿಡ ಮೊಣಕಾಲು ದಾಟಿರತ್ತೆ, ಎಲೆ ಹಾಳಾದ್ರೂ ದಂಟು ಹುಳಿಗೆ ಬರತ್ತೆ.

ಬಸಳೆ ಒಂದ್ಸಲ ನೆಟ್ರೆ ವರ್ಷಗಟ್ಟಲೆ. ಬಳ್ಳಿ ತುಂಡು ಊರಿದ್ರೆ ಆಯ್ತು, ಬಚ್ಚಲ ನೀರು ಹೋಗೋ ಕಡೆ ಚಪ್ಪರ ಹಾಕೋದು ನಮ್ಮಲ್ಲಿ ಮೊದಲಿಂದ ರೂಢಿ, ಸೋಪು ಜಾಸ್ತಿ ಆಗಿರೋ ಈಗಿನ ಬಚ್ಚಲ ನೀರು ನೇರ ಬುಡಕ್ಕೆ ಬಿಡೋದಕ್ಕಿಂತ ಬಾಳೆ ಬುಡ ಹಾಯಿಸಿ ಬಿಡೋದು ವಾಸಿ. ಮಳೆ ಜೋರಾದಾಗ ಎಲೆ ಮೇಲೆ ಕೆಂಪು ಅಂಚಿನ ಚುಕ್ಕೆ ಬರತ್ತೆ, ಆ ಎಲೆ ಚಿವುಟಿ ದೂರ ಹಾಕಿ, ಚಪ್ಪರ ದಟ್ಟ ಆಗೋಕೆ ಬಿಡ್ಬೇಡಿ, ಔಷಧಿ ಏನೂ ಬೇಡ. ಅಕ್ಟೋಬರಿಂದ ಮೇವರೆಗೆ ಬಸಳೆಗೆ ಎದುರಿಲ್ಲ. ಒಂದೇ ಒಂದು ಸೊಪ್ಪು ಬೆಳೀತೀನಿ, ಪುರ್ಸೊತ್ತಿಲ್ಲ ಅನ್ನೋರು ಕಣ್ಣು ಮುಚ್ಚಿ ಬಸಳೆ ಹಾಕಿ.

ಮಳೆಗಾಲದ ರಾಜ ಅಂದ್ರೆ ಕೆಸು. ಬೇರೆಯವೆಲ್ಲ ಕೊಳೆಯೋ ಹೊತ್ತಿಗೆ ಇದು ಎದ್ದು ನಿಲ್ಲತ್ತೆ, ನೀರು ನಿಂತ್ರೂ ಬೇಜಾರಿಲ್ಲ, ನೆರಳಾದ್ರೂ ಸರಿ. ಪತ್ರೊಡೆ, ಕರಕಲಿ ತಿನ್ನೋ ಮನೆಗಳಲ್ಲಿ ಇದನ್ನ ಬೆಳೆಯೋದು ಅಂತ ಹೇಳೋದೇ ಇಲ್ಲ, ಅದು ಇದ್ದೇ ಇರತ್ತೆ. ಆದ್ರೆ ಎಲ್ಲ ಕೆಸು ತಿನ್ನೋದಲ್ಲ, ಅದರಲ್ಲಿರೋ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಗಂಟಲು ತುರಿಸೋದು, ಹುಳಿ ಹಾಕಿ ಚೆನ್ನಾಗಿ ಬೇಯಿಸ್ಬೇಕು. ನರ್ಸರಿಯ ಚಂದದ ಎಲೆ ನೋಡಿ ಶೋ ಗಿಡ ತಂದು ಪತ್ರೊಡೆ ಮಾಡೋ ಸಾಹಸ ಬೇಡ, ತಿಂದು ಗೊತ್ತಿರೋ ಮನೆಯಿಂದ ಗೆಡ್ಡೆ ಕೇಳಿ ತನ್ನಿ. ಮರದ ಮೇಲೆ ಬರೋ ಮರಕೆಸು ಬೇರೆಯೇ, ಅದನ್ನ ಮಡಿಲಿ ಬೆಳೆಯೋದಲ್ಲ, ಮಳೆಗಾಲದಲ್ಲಿ ಮರ ನೋಡ್ಕೊಂಡು ತರೋದು.

ಚಕ್ರಮುನಿಗೆ ವಿಟಮಿನ್ ಸೊಪ್ಪು ಅಂತ ಹೆಸರು ಕೊಟ್ಟು ಸಿಕ್ಕಾಪಟ್ಟೆ ಪ್ರಚಾರ ಆಗಿದೆ. ಬೆಳೆಯೋಕೆ ಇದರಷ್ಟು ಸುಲಭ ಇನ್ನೊಂದಿಲ್ಲ, ಕಡ್ಡಿ ಊರಿದ್ರೆ ಬೇಲಿ ಆಗತ್ತೆ, ಮಳೆ ಬಿಸಿಲು ಎರಡಕ್ಕೂ ಹೆದರಲ್ಲ. ತಂಬುಳಿ, ಪಲ್ಯ ಮಾಡಿ ವಾರಕ್ಕೊಮ್ಮೆ ತಿನ್ನಿ, ತೊಂದರೆ ಇಲ್ಲ. ಹಸಿ ಜ್ಯೂಸ್ ಮಾಡಿ ದಿನಾ ಕುಡಿಯೋರಿಗೆ ಮಾತ್ರ ಒಂದು ಮಾತು, 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸೋಕೆ ಅಂತ ಇದೇ ಸೊಪ್ಪಿನ ಹಸಿ ರಸ ದಿನಾ ಕುಡಿದ ಎಷ್ಟೋ ಜನಕ್ಕೆ ಶ್ವಾಸಕೋಶದ ಗಂಭೀರ ಕಾಯಿಲೆ ಬಂದು ಅದು ವಾಸಿಯಾಗಲಿಲ್ಲ. ಬೇಯಿಸಿ ಹಿತಮಿತವಾಗಿ ತಿನ್ನೋ ಸೊಪ್ಪು ಇದು, ಔಷಧಿ ಅಲ್ಲ. ಹಾಗೇ ಕಿಡ್ನಿ ಕಲ್ಲಿನ ತೊಂದರೆ ಇರೋರು ಹರಿವೆ, ಬಸಳೆ, ಪಾಲಕ್ ಎಲ್ಲದರಲ್ಲೂ ಆಕ್ಸಲೇಟ್ ಇದೆ ಅಂತ ನೆನಪಿಟ್ಕೊಂಡು ಡಾಕ್ಟರನ್ನ ಕೇಳಿ.

ಕಾಯಿ ತರಕಾರಿ: ಟೊಮೆಟೊ ಹಟ ಬಿಡಿ

ಹೊಸದಾಗಿ ಶುರು ಮಾಡೋರಿಗೆಲ್ಲ ಟೊಮೆಟೊ ಮೇಲೇ ಕಣ್ಣು. ನಮ್ಮ ಹುಳಿ ಮಣ್ಣಿಗೆ ಟೊಮೆಟೊ, ಬದನೆ, ಮೆಣಸು ಈ ಮೂರಕ್ಕೂ ಬ್ಯಾಕ್ಟೀರಿಯಾದಿಂದ ಬರೋ ದುಂಡಾಣು ಸೊರಗು ರೋಗ ದೊಡ್ಡ ಶತ್ರು. ಎಲೆ ಹಳದಿ ಆಗಲ್ಲ, ಚುಕ್ಕೆ ಇರಲ್ಲ, ಹಸಿರಾಗಿರೋ ಗಿಡ ಎರಡು ಮೂರು ದಿನದಲ್ಲಿ ಬಾಡಿ ಬೀಳತ್ತೆ, ನೀರು ಕಮ್ಮಿ ಆಯ್ತು ಅಂತ ಇನ್ನೂ ನೀರು ಹಾಕ್ತಾರೆ. ಪತ್ತೆ ಮಾಡೋದು ಸುಲಭ, ಬಾಡಿದ ಗಿಡದ ಕಾಂಡ ಬುಡದ ಹತ್ರ ಕೊಯ್ದು ಗಾಜಿನ ಲೋಟದ ತಿಳಿ ನೀರಲ್ಲಿ ಅಲ್ಲಾಡಿಸದೆ ಹಿಡೀರಿ, ಸ್ವಲ್ಪ ಹೊತ್ತಿಗೆ ಹಾಲಿನ ಎಳೆ ಥರ ಕೆಳಗಿಳಿದ್ರೆ ಅದೇ. ಗಿಡ ಬೇರು ಸಮೇತ ಕಿತ್ತು ಸುಡಿ, ಆ ಮಡಿಲಿ ಎರಡು ಮೂರು ವರ್ಷ ಈ ಜಾತಿಯವು ಬೇಡ, ಬದಲಿಗೆ ಬೀನ್ಸು, ಹರಿವೆ, ಸೌತೆ ಹಾಕಿ. ಸೊರಗಿ ಹೋದ ಶುಂಠಿ ಗದ್ದೆಯ ಮಣ್ಣು ತಂದು ಮಡಿ ತುಂಬೋದೂ ಬೇಡ.

ಇಷ್ಟಾಗಿಯೂ ಟೊಮೆಟೊ ಬೇಕು ಅನ್ನೋರಿಗೆ ದಾರಿ ಮೂರು. ಒಂದು, ಅರ್ಕಾ ರಕ್ಷಕ್ ಥರದ ತಳಿ, ಅದು ಎಲೆಮುದುಡು ನಂಜು, ದುಂಡಾಣು ಸೊರಗು, ಮೊದಲ ಹಂತದ ಎಲೆ ಅಂಗಮಾರಿ ಮೂರನ್ನೂ ತಡಕೊಳ್ಳತ್ತೆ, ಬದನೆಲಿ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ ಸೊರಗು ತಡೆಯೋವು. ಎರಡು, ಕಾಡು ಸುಂಡೆ ಗಿಡದ ಮೇಲೆ ಕಸಿ ಕಟ್ಟಿದ ಬದನೆ, ಟೊಮೆಟೊ, ಸುಂಡೆ ಬೇರಿಗೆ ಈ ರೋಗ ಅಷ್ಟಾಗಿ ತಾಗಲ್ಲ, ಗಿಡವೂ ಜಾಸ್ತಿ ದಿನ ಬಾಳತ್ತೆ. ಮೂರು, ರೋಗ ಇರೋ ನೆಲ ಬಿಟ್ಟು ಬ್ಯಾಗಲ್ಲಿ ಹೊಸ ಮಣ್ಣು ತುಂಬಿ ಅಕ್ಟೋಬರ್ ನಂತರ ನೆಡೋದು. ಈ ಮೂರರಲ್ಲಿ ಮನೆಮಟ್ಟಿಗೆ ನನಗೆ ಇಷ್ಟ ಆಗೋದು ಮೂರನೇದು, ನಾಕೇ ನಾಕು ಬ್ಯಾಗು, ಚಳಿಗಾಲ, ಮುಗೀತು.

ಮಳೆಗಾಲಕ್ಕೆ ಬಳ್ಳಿ ತರಕಾರಿ ಇರುವಾಗ ಟೊಮೆಟೊ ಹಿಂದೆ ಯಾಕೆ ಬೀಳ್ತೀರೋ. ಮುಳ್ಳುಸೌತೆ, ಹೀರೆ, ಹಾಗಲ, ಪಡವಲ, ಮಗೆ (ಸಾಂಬಾರ್ ಸೌತೆ), ಚೀನಿಕಾಯಿ (ಸಿಹಿಗುಂಬಳ) ಬೀಜ ರೋಹಿಣಿ ಮಳೆಲಿ, ಅಂದ್ರೆ ಮೇ ಕೊನೆ ಜೂನ್ ಮೊದಲ ವಾರದಲ್ಲಿ ಊರ್ಬೇಕು, ಆರಿದ್ರಾ ಹೊಡೆತ ಶುರುವಾಗೋ ಮುಂಚೆ ಬಳ್ಳಿ ಚಪ್ಪರ ಹಿಡಿದಿರ್ಬೇಕು. ಚೌತಿ ಹಬ್ಬದ ಹೊತ್ತಿಗೆ ಸೌತೆ, ಹೀರೆ ಕೈತುಂಬ. ಇವುಗಳಲ್ಲೇ ಹೋಲಿಸಿದ್ರೆ ಹೆಚ್ಚು ಮಳೆ ತಾಳೋದು ಹೀರೆ, ಪಡವಲ. ಸೌತೆಗೆ ಬೂಜು ರೋಗ ಬೇಗ ಬರತ್ತೆ ಆದ್ರೆ ಅಷ್ಟರಲ್ಲಿ ಕೊಟ್ಟು ಮುಗಿಸಿರತ್ತೆ. ಹಾಗಲಕ್ಕೆ ಹಣ್ಣುನೊಣ ಜಾಸ್ತಿ, ಮಿಡಿಯಿದ್ದಾಗಲೇ ಪೇಪರ್ ಕವರ್ ಅಥವಾ ಹಳೇ ಪಂಚೆ ಬಟ್ಟೆ ಸುತ್ತಿ, ಜೊತೆಗೆ ಕ್ಯೂ ಲೂರ್ ಬಲೆ ಒಂದು ನೇತು ಹಾಕಿ, ಅದು ಗಂಡು ನೊಣನ ಎಳ್ಕೊಳ್ಳತ್ತೆ. ಉದುರಿದ ಕೊಳೆತ ಕಾಯಿನ ಬುಡದಲ್ಲೇ ಬಿಟ್ರೆ ಅದರೊಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣ ಆಗಿ ಬರತ್ತೆ, ಆರಿಸಿ ಆಳವಾಗಿ ಹೂಳಿ. ಪಡವಲ ಸೊಟ್ಟ ಆಗತ್ತೆ ಅಂತ ತುದಿಗೆ ಕಲ್ಲು ಕಟ್ಟೋದು ನೋಡೋಕೆ ಚಂದ, ರುಚಿಗೆ ಏನೂ ವ್ಯತ್ಯಾಸ ಇಲ್ಲ.

ತೊಂಡೆನಾ ಅಲಸಂದೆನಾ ಅಂತ ಕೇಳಿದ್ರೆ ಜಾಗ ಕಾಯಂ ಇದ್ದೋರು ತೊಂಡೆ ಹಾಕಿ. ಪೆನ್ಸಿಲ್ ದಪ್ಪದ, ಮೂರು ನಾಕು ಗೆಣ್ಣಿರೋ ಕಡ್ಡಿ ಮೇ ಜೂನಲ್ಲಿ ಊರಿ, ಗಟ್ಟಿ ಚಪ್ಪರ ಕೊಡಿ, ಹಲವು ವರ್ಷ ಕಾಯಿ. ಕಡ್ಡಿ ತರುವಾಗ ಕಾಯಿ ಬಿಡೋ ಬಳ್ಳಿಯದ್ದೇ ತನ್ನಿ, ಬೀಜದಿಂದ ಹುಟ್ಟಿದ್ರೆ ಗಂಡು ಬಳ್ಳಿಯೂ ಬರತ್ತೆ, ಅದು ಬರೀ ಹೂ. ಅಲಸಂದೆ ಐವತ್ತು ಅರವತ್ತು ದಿನದ ಕೆಲಸ, ಮಣ್ಣಿಗೂ ಒಳ್ಳೇದು, ಗಿಡಹೇನು ಬಂದ್ರೆ ಮೊದಲ ದಿನವೇ ಬೂದಿ ಉದುರಿಸಿ. ಕೋಸು, ನವಿಲುಕೋಸು, ಮೂಲಂಗಿ, ಬೀಟ್‌ರೂಟು ಚಳಿಗಾಲಕ್ಕೆ ಚೆನ್ನಾಗಿ ಬರ್ತವೆ. ಕ್ಯಾರೆಟ್ ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಕವಲೊಡೆದು ಗಿಡ್ಡ ಆಗತ್ತೆ, ಮರಳು ಮಿಶ್ರಣದ ಬ್ಯಾಗಲ್ಲಿ ಪರವಾಗಿಲ್ಲ. ಮೆಣಸಿಗೆ ಬಂದ್ರೆ ಹೈಬ್ರಿಡ್ ಹಸಿಮೆಣಸಿಗಿಂತ ಜೀರಿಗೆ ಮೆಣಸು ಎರಡು ಗಿಡ ಅಂಗಳದ ಮೂಲೇಲಿ ಹಾಕಿ, ವರ್ಷಗಟ್ಟಲೆ ನಿಂತು ಕಾಯಿ ಕೊಡತ್ತೆ, ಉಪ್ಪಿನಕಾಯಿಗೂ ಆಗತ್ತೆ.

ಬೀಜ: ನಾಟಿ, ಹೈಬ್ರಿಡ್

ಇದರಲ್ಲಿ ಜಗಳ ಬೇಡ. ಬಳ್ಳಿ ತರಕಾರಿ, ಅಲಸಂದೆ, ಬೆಂಡೆ, ಹರಿವೆಗೆ ಊರಿನ ನಾಟಿ ಬೀಜ, ಯಾಕಂದ್ರೆ ಅವು ಇಲ್ಲಿನ ಮಳೆಗೆ ಒಗ್ಗಿ ಉಳಿದು ಬಂದಿರೋವು, ಮುಂದಿನ ವರ್ಷಕ್ಕೆ ಬೀಜ ಇಡಬಹುದು. ಕೋಸು ಜಾತಿ, ಸೊರಗು ತಡೆಯೋ ಟೊಮೆಟೊಗೆ ಪ್ಯಾಕೆಟ್ ಬೀಜ ತನ್ನಿ. ಅರ್ಕಾ ರಕ್ಷಕ್ ಎಫ್1 ಹೈಬ್ರಿಡ್, ಅಂದ್ರೆ ಎರಡು ತಳಿ ಬೆರೆಸಿ ಮಾಡಿದ ಮೊದಲ ಪೀಳಿಗೆ, ಅದರ ಹಣ್ಣಿನ ಬೀಜ ಹಾಕಿದ್ರೆ ಅದೇ ಗುಣ ಬರಲ್ಲ, ಅರ್ಕಾ ಸುಗುಣ, ಅರ್ಕಾ ಕೇಶವ್ ಹೈಬ್ರಿಡ್ ಅಲ್ಲ ಅವುಗಳ ಬೀಜ ಇಟ್ಕೋಬಹುದು. ಬೀಜ ಇಡೋರು ಒಂದು ನೋಡಿ, ಅಲಸಂದೆ, ಟೊಮೆಟೊ ತನ್ನಷ್ಟಕ್ಕೆ ತಾನೇ ಪರಾಗ ಮಾಡ್ಕೊಳ್ಳೋವು, ಪಕ್ಕದಲ್ಲಿ ಇನ್ನೊಂದು ತಳಿ ಇದ್ರೂ ಜಾಸ್ತಿ ಬೆರೆಯಲ್ಲ. ಎರಡು ಬಗೆ ಚೀನಿಕಾಯಿ, ಎರಡು ಬಗೆ ಸೌತೆ ಅಕ್ಕಪಕ್ಕ ಇದ್ರೆ ಬೆರೆತು ಮುಂದಿನ ವರ್ಷ ಏನೋ ಒಂದು ಬರತ್ತೆ. ಮುಳ್ಳುಸೌತೆ, ಮಗೆ ಬೇರೆ ಬೇರೆ ಜಾತಿ, ಅವೆರಡು ಬೆರೆಯಲ್ಲ. ಸೌತೆ ಬೀಜ ಬೂದಿ ಸಗಣಿಲಿ ಒತ್ತಿ ಗೋಡೆಗೆ ಅಂಟಿಸಿಡೋ ಹಳೇ ಪದ್ಧತಿ ಈಗಲೂ ನಡೆಯತ್ತೆ, ಮಳೆಗಾಲದ ತೇವ ತಾಗದ ಹಾಗೆ ಗಾಜಿನ ಬಾಟ್ಲಿಲಿ ಬೂದಿ ಜೊತೆ ಹಾಕಿ ಮುಚ್ಚಿಟ್ರೂ ಸರಿ. ನಾಟಿ ಬೀಜ ಎಲ್ಲಿ ಸಿಗತ್ತೆ ಅಂದ್ರೆ ಮೊದಲು ಪಕ್ಕದ ಮನೆ ಅಜ್ಜಿ, ಆಮೇಲೆ ಬೀಜ ಮೇಳಗಳು, ಶಿರಸಿ ಕಡೆ ಹೆಂಗಸರೇ ಸೇರಿ ನಡೆಸೋ ವನಸ್ತ್ರೀ ಗುಂಪು ಇದೇ ಕೆಲಸ ಮಾಡ್ತಾ ಬಂದಿದೆ.

ಗೊಬ್ಬರ ಮತ್ತೆ ಮುಚ್ಚಿಗೆ

ಜೋರು ಮಳೆ ಮಣ್ಣಿನ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲ ತೊಳ್ಕೊಂಡು ಹೋಗತ್ತೆ, ಮಣ್ಣು ಹುಳಿ ಆಗೋದು ಅದಕ್ಕೇ. ಹುಳಿ ಮಣ್ಣಲ್ಲಿ ಎಷ್ಟು ಗೊಬ್ಬರ ಸುರಿದ್ರೂ ಗಿಡಕ್ಕೆ ಪೂರ್ತಿ ಸಿಗಲ್ಲ. ಎರೆಗೊಬ್ಬರನಾ ಕೊಟ್ಟಿಗೆ ಗೊಬ್ಬರನಾ ಅಂತ ಯೋಚಿಸೋ ಮುಂಚೆ ಒಂದು ಸಲ ಮಣ್ಣು ಪರೀಕ್ಷೆ ಮಾಡ್ಸಿ, ಶಿವಮೊಗ್ಗದ ನವಿಲೆಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಹುಳಿ ಅಂತ ಬಂದ್ರೆ ಚದರ ಮೀಟರಿಗೆ ಒಂದೆರಡು ಹಿಡಿ ಕೃಷಿ ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ, ಎರಡು ಮೂರು ವಾರ ಬಿಟ್ಟು ಆಮೇಲೆ ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದ್ರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿ ಹೋಗತ್ತೆ. ಒಲೆ ಬೂದಿಯೂ ಸುಣ್ಣದ ಕೆಲಸವನ್ನೇ ಸ್ವಲ್ಪ ಮಾಡತ್ತೆ, ಪೊಟ್ಯಾಷ್ ಬೋನಸ್. ಇನ್ನು ಆಯ್ಕೆ ಕೇಳಿದ್ರೆ, ಮಡಿಗೆ ಕೊಟ್ಟಿಗೆ ಗೊಬ್ಬರ, ಬ್ಯಾಗಿಗೆ ಎರೆಗೊಬ್ಬರ. ಮಳೆಗಾಲದಲ್ಲಿ ಒಂದೇ ಸಲ ಬುಟ್ಟಿಗಟ್ಟಲೆ ಸುರಿಯೋದಕ್ಕಿಂತ ಹದಿನೈದು ದಿನಕ್ಕೊಮ್ಮೆ ಹಿಡಿ ಹಿಡಿ ಕೊಡೋದು ವಾಸಿ, ಇಲ್ಲಾಂದ್ರೆ ಅಷ್ಟೂ ಹೊಳೆಗೆ. ಹಸಿ ಸಗಣಿ ಹಾಕ್ಬೇಡಿ, ಗೊಣ್ಣೆಹುಳ ಬರತ್ತೆ.

ಮುಚ್ಚಿಗೆಗೆ, ಅಂದ್ರೆ ಗಿಡದ ಬುಡದ ಮಣ್ಣಿಗೆ ಹೊದಿಸೋಕೆ, ದರಕು (ಒಣ ಎಲೆ), ಭತ್ತದ ಹುಲ್ಲು, ಅಡಿಕೆ ಸಿಪ್ಪೆ ಮೂರೂ ಇದೆ. ಗುಣದಲ್ಲಿ ದರಕೇ ಮೇಲು, ಆದ್ರೆ ಅದನ್ನ ಎಲ್ಲಿಂದ ಯಾವಾಗ ತರ್ತೀರಿ ಅನ್ನೋದು ಮುಖ್ಯ. ಮಂಗನ ಕಾಯಿಲೆಯ ವೈರಸ್ಸನ್ನ 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಅದನ್ನ ಹರಡೋ ಉಣುಗು ಕಾಡಿನ ಒಣ ಎಲೆ ರಾಶಿಲೇ ಇರೋದು, ಮಳೆಗಾಲ ಮುಗಿದ ಮೇಲೆ ಬೇಸಿಗೆ ತನಕ ಅದರ ಕಾಟ ಜಾಸ್ತಿ. ನಾವು ದರಕು ಗುಡಿಸೋದೂ ಅದೇ ಹೊತ್ತಲ್ಲಿ. ಕಾಯಿಲೆ ಇರೋ ಊರಿನ ಕಾಡಿಂದ ತಂದು ಮನೆ ಹಿಂದೆ ಹರಡೋದು ಬೇಡ, ಹೋಗ್ಲೇಬೇಕಾದ್ರೆ ಆರೋಗ್ಯ ಇಲಾಖೆಯವರು ಕೊಡೋ, ಉಣುಗು ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ ಕೈಕಾಲಿಗೆ ಹಚ್ಕೊಂಡು ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿರಿ, ಬಟ್ಟೆ ಒಗೀರಿ. ಮನೆಯಂಗಳದ ಹಲಸು, ಮಾವಿನ ಎಲೆ ಬಳಸಿ, ಸಾಲದಿದ್ರೆ ಹುಲ್ಲು. ಅಡಿಕೆ ಸಿಪ್ಪೆ ಬೇಗ ಕರಗಲ್ಲ, ಒಂದು ವರ್ಷ ರಾಶಿ ಹಾಕಿ ಕೊಳೆಸಿದ್ದು ಮಡಿಗೆ, ಹಸಿ ಸಿಪ್ಪೆ ಕಾಲುವೆಗೆ ಹಾಕಿದ್ರೆ ಓಡಾಡೋಕೆ ಕೆಸರಾಗಲ್ಲ. ಇನ್ನೊಂದು, ಮುಚ್ಚಿಗೆ ಮಳೆ ಶುರುವಿಗೂ ಚಳಿಗಾಲಕ್ಕೂ ಒಳ್ಳೇದು, ಜುಲೈ ಆಗಸ್ಟಲ್ಲಿ ಬುಡಕ್ಕೆ ದಪ್ಪ ಹಾಕಿದ್ರೆ ಅದರಡಿ ಬಸವನಹುಳದ ಸಂಸಾರ.

ಮಂಗ, ಬಸವನಹುಳ

ಮಂಗಕ್ಕೆ ಪೂರ್ತಿ ಪರಿಹಾರ ಅನ್ನೋದು ಇಲ್ಲ. ಬಲೆ ಮನೆ ಕಟ್ಟಬಹುದು, ನಾಯಿ ಸಾಕಬಹುದು, ಕನ್ನಡಿ, ಸಿಡಿ, ಹುಲಿ ಬೊಂಬೆ ಇವೆಲ್ಲ ಕೆಲವೇ ದಿನದ ಆಟ. ಮಂಗ ಬರೋ ಊರಲ್ಲಿ ಬೆಳೆ ಆಯ್ಕೆಯೇ ಬೇರೆ ಮಾಡ್ಕೊಳ್ಳಿ, ಹಾಗಲ, ಕೆಸು, ಸುವರ್ಣಗೆಡ್ಡೆ ಹೆಚ್ಚಾಗಿ ಮುಟ್ಟಲ್ಲ, ಸೌತೆ, ಬೀನ್ಸು, ಚೀನಿಕಾಯಿ ಮಿಡಿ ಅದಕ್ಕೆ ಹಬ್ಬ. ಸೌತೆ ಬೇಕೇ ಬೇಕು ಅಂದ್ರೆ ಅಡುಗೆಮನೆ ಕಿಟಕಿಗೆ ಕಾಣೋ ಹಾಗೆ ಚಪ್ಪರ ಹಾಕಿ, ಹಿತ್ತಲ ತುದಿಗಲ್ಲ. ಕಾಡುಹಂದಿ ಬರೋ ಕಡೆ ಗೆಡ್ಡೆ ಬೆಳೆ ನೆಲಕ್ಕೆ ಬೇಡ, ಬ್ಯಾಗಿಗೆ.

ಬಸವನಹುಳಕ್ಕೆ ಪೇಟೆಲಿ ಗುಳಿಗೆ ಸಿಗತ್ತೆ, ಅದನ್ನ ನಾಯಿ ಬೆಕ್ಕು ತಿಂದ್ರೆ ಪ್ರಾಣಕ್ಕೇ ಕುತ್ತು, ಸಾಕುಪ್ರಾಣಿ ಇರೋ ಮನೇಲಿ ಬೇಡವೇ ಬೇಡ. ಉಪ್ಪು ಸುರಿದ್ರೆ ಹುಳದ ಜೊತೆ ಮಣ್ಣೂ ಹೋಯ್ತು. ಗೋಣಿಚೀಲ ಒದ್ದೆ ಮಾಡಿ ಅದರಡಿ ಪಪ್ಪಾಯಿ ಎಲೆನೋ ಕೋಸಿನ ಎಲೆನೋ ಇಟ್ಟು ಸಂಜೆ ಮಡಿ ಪಕ್ಕ ಹಾಸಿ, ರಾತ್ರಿ ಎಲ್ಲ ಅಲ್ಲೇ ಬಂದು ಸೇರ್ತವೆ, ಬೆಳಿಗ್ಗೆ ಬಿಸಿಲೇರೋ ಮುಂಚೆ ಕೈಗೆ ಕವರ್ ಹಾಕ್ಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಜೂನ್ ಮೊದಲ ಮಳೆಯಿಂದಲೇ ಶುರು ಮಾಡಿದ್ರೆ ಮೊಟ್ಟೆ ಇಡೋ ಮುಂಚೆ ಸಿಗ್ತವೆ, ಆಗಸ್ಟಲ್ಲಿ ಶುರು ಮಾಡಿದ್ರೆ ಆರಿಸಿದಷ್ಟೂ ಬರ್ತಾನೇ ಇರ್ತವೆ.